ಎಡಗಡೆ ನಿಂತು ಹೇಳಿದ ಮಾತು

"ನನ್ನ ಕಂಪ್ಯೂಟರ್ ಮುಟ್ಟೋಕೆ ನಿಮಗೆ ಯಾರ್ರೀ ಹೇಳಿದ್ದು?"

ರಿಪೇರಿ ಕೋಣೆಯ ಬಾಗಿಲನ್ನು ಧಡಾರನೆ ತಳ್ಳಿಕೊಂಡು ಬಂದಳು ಅವಳು. ಕೈಯಲ್ಲಿ ಹೆಡ್‌ಫೋನ್, ಮೂಗಿನ ತುದಿಯಲ್ಲಿ ಕೋಪ!

ಒಳಗಿದ್ದವನು ಆಫೀಸಿನ ಹನ್ನೆರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಎಲ್ಲರೂ ಅವನನ್ನು ಮೌನಿಬಾಬಾ ಎನ್ನುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ಮೂರು ತಿಂಗಳಲ್ಲಿ ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು.

"ಕೂತ್ಕೊಳ್ಳಿ..."

"ಕೂರೋಕೆ ಬಂದಿಲ್ಲ! ಕಂಪ್ಯೂಟರ್ ಆನ್ ಆದ ತಕ್ಷಣ ಒಂದು ಪುಟ್ಟ ಪ್ರೋಗ್ರಾಂ, ಸ್ಕ್ರಿಪ್ಟ್, ತಾನೇ ಓಡ್ತಿದೆ. ಎಡ ಬಲ ಎರಡೂ ಸದ್ದನ್ನ ಒಂದು ಮಾಡೋ ಸ್ಕ್ರಿಪ್ಟ್. ಬರೆದವರು ನೀವು!"

ಅವನು ಹೌದೆಂದು ತಲೆಯಾಡಿಸಿದ, ಅಷ್ಟೇ. ಮೌನ ಬಂಗಾರವಂತೆ! ಇಂಥ ಹೊತ್ತಿನಲ್ಲಿ ಅದು ಬೆಂಕಿಗೆ ತುಪ್ಪ.

ಸಂದರ್ಶನಗಳನ್ನು ಕೇಳಿ ಬರಹಕ್ಕಿಳಿಸುವುದು ಅವಳ ಕೆಲಸ. ರೆಕಾರ್ಡಿಂಗಿನಲ್ಲಿ ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ. ಅವಳ ಎಡಗಿವಿಯೋ, ಏಳನೇ ವಯಸ್ಸಿನ ಜ್ವರದಲ್ಲೇ ಹೋಗಿತ್ತು. ದಿನಾ ಎಲ್ಲರಿಗಿಂತ ಮೊದಲೇ ಬಂದು ಎರಡೂ ಬಲಗಿವಿಗೇ ಕೇಳುವಂತೆ ಕದ್ದುಮುಚ್ಚಿ ಸೆಟ್ಟಿಂಗ್ ಬದಲಿಸುತ್ತಿದ್ದಳು. ಒಂದು ವಾರದಿಂದ ಅದು ತಾನಾಗಿಯೇ ಬದಲಾಗಿರುತ್ತಿತ್ತು.

ಹಿಂದಿನ ಆಫೀಸಿನಲ್ಲಿ ವಿಷಯ ಗೊತ್ತಾದ ವಾರಕ್ಕೇ ಮನೆಗೆ ಕಳಿಸಿದ್ದರು. ಇಲ್ಲಿ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

'ಇವನಿಗೆ ಗೊತ್ತಾಗಿದೆ... ಇನ್ನು ಎಲ್ಲರಿಗೂ ಗೊತ್ತಾದ ಹಾಗೇ!'

"ಕರುಣೆ ತೋರಿಸಿ ದೊಡ್ಡವರಾಗೋಕೆ ನಾನೇ ಬೇಕಿತ್ತಾ?"

ಅಷ್ಟರಲ್ಲಿ ಮ್ಯಾನೇಜರ್ ನುಗ್ಗಿ ಬಂದರು.

"ಏನಯ್ಯಾ, ಹನ್ನೆರಡೂ ಕಂಪ್ಯೂಟರಲ್ಲಿ ಎಡ ಬಲ ಒಂದೇ ಕೇಳಿಸ್ತಿದೆ! ಎಷ್ಟು ಸಲ ಹೇಳೋದು?"

"ಸ್ಕ್ರಿಪ್ಟ್ ಕೈಕೊಟ್ಟಿದೆ ಸರ್. ನನ್ನದೇ ತಪ್ಪು."

"ವಾರದಿಂದ ಇದೇ ರಾಗ! ಹೀಗೇ ಆದ್ರೆ ಬೇರೆಯವರನ್ನ ನೋಡ್ತೀನಿ!" ಗೊಣಗುತ್ತಾ ಹೋದರು.

ಹನ್ನೆರಡೂ?! ಅವಳು ಕಣ್ಣು ಕಣ್ಣು ಬಿಟ್ಟಳು.

"ನಿಮ್ಮದಕ್ಕೆ ಮಾತ್ರ ಹಾಕಿದ್ರೆ ಯಾಕೆ ಅಂತ ಕೇಳ್ತಿದ್ರು," ಎಂದ ಅವನು. "ಎಲ್ಲದಕ್ಕೂ ಹಾಕಿದ್ರೆ ನನಗೆ ಬೈತಾರೆ, ಅಷ್ಟೇ."

ಕೋಪ ಇಳಿಯಬೇಕಿತ್ತು. ಇಳಿಯಲಿಲ್ಲ, ಕಣ್ಣೀರಿನ ಜೊತೆ ಇನ್ನೂ ಉಕ್ಕಿತು.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಇದು ನನ್ನ ಕಿವಿ ರೀ, ಆಫೀಸಿನ ಸ್ಪೀಕರ್ ಅಲ್ಲ!"

"ಕೇಳ್ಬೇಕಿತ್ತು... ತಪ್ಪಾಯ್ತು."

"ಗೊತ್ತಾಗಿದ್ದು ಹೇಗೆ?"

"ನಿಮ್ಮ ಎಡಗಡೆ ಪ್ರಿಂಟರ್ ಇದೆಯಲ್ಲ... ದಿನಾ ಅಲ್ಲಿ ನಿಂತು ಮೆಲ್ಲಗೆ ಮಾತಾಡಿಸ್ತಿದ್ದೆ. ನೀವು ತಿರುಗಿಯೂ ನೋಡ್ತಿರ್ಲಿಲ್ಲ. ಎಷ್ಟು ಸೊಕ್ಕು ಅಂತ ನನಗೂ ಸಿಟ್ಟು! ಒಂದಿನ ಧೈರ್ಯ ಮಾಡಿ ಮನಸ್ಸಿನ ಮಾತೇ ಹೇಳಿಬಿಟ್ಟೆ. ಆಗಲೂ ಇಲ್ಲ. ಆಮೇಲೆ ಗಮನಿಸಿದೆ... ಫೋನ್ ಎಡಗೈಲಿದ್ರೂ ನೀವು ಬಲಗಿವಿಗೇ ಇಟ್ಕೊಳ್ತೀರಿ."

ಮೂರು ತಿಂಗಳು! ಈ ಮೌನಿಬಾಬಾ ದಿನಾ ಮಾತಾಡಿದ್ದು ಅವಳೊಬ್ಬಳ ಜೊತೆ.

ಅವಳು ಕಣ್ಣೊರೆಸಿಕೊಂಡು ಸೀದಾ ಮ್ಯಾನೇಜರ್ ಕೋಣೆಗೆ ನಡೆದಳು.

"ಸರ್, ಅದು ಅವರ ತಪ್ಪಲ್ಲ. ನನಗೆ ಎಡಗಿವಿ ಕೇಳಲ್ಲ. ಮೂರು ತಿಂಗಳ ನನ್ನ ಕೆಲಸದಲ್ಲಿ ಒಂದೇ ಒಂದು ತಪ್ಪು ತೋರಿಸಿ, ಈಗಲೇ ಹೊರಡ್ತೀನಿ!"

ಮ್ಯಾನೇಜರ್ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. "ತಪ್ಪೇನಿಲ್ಲಮ್ಮಾ... ಮೊದಲು ಉಳಿದ ಹನ್ನೊಂದನ್ನ ಸರಿಮಾಡ್ಸು."

ಅವಳು ವಾಪಸ್ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ.

"ಹನ್ನೊಂದರಿಂದ ತೆಗೀರಿ. ನನ್ನದರಲ್ಲಿ ಇರ್ಲಿ. ಈಗ ನಾನೇ ಹೇಳ್ತಿದೀನಿ."

"ಸರಿ."

"ಮತ್ತೆ... ಆವತ್ತು ಏನೋ ಹೇಳಿದ್ರಲ್ಲ, ಈ ಕಡೆ ಬಂದು ಹೇಳಿ."

ಅವನು ಅವಳ ಬಲಕ್ಕೆ ಬಂದು ನಿಂತ. ಬಾಗಿದ. ಹೇಳಿದ.

ಅವಳ ಕೆನ್ನೆ ಕೆಂಪಾಯಿತು. ಈ ಸಲ ಕೋಪಕ್ಕಲ್ಲ.

"ಕೇಳಿಸ್ತಾ...?"

"ಕೇಳಿಸ್ತು. ದಿನಾ ಹೇಳ್ಬೇಕು. ಅದಕ್ಕೂ ಸ್ಕ್ರಿಪ್ಟ್ ಬರೆದಿಟ್ರೆ ನೋಡಿ... ನೀವೇ ಬಂದು ಹೇಳ್ಬೇಕು!"