ಬೋರಲು ಹಾಕಿದ ಒರಳು

"ನಾನು ಹೋದೆ ಅಂತ ಒರಳು ಬೋರಲು ಹಾಕಬೇಡ."

ಅರಾಬಾ ತನ್ನ ಗಂಡ ಎಬೊಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಕಣ್ಣು ಮುಚ್ಚಿದಳು. ಅವಳನ್ನು ಮಣ್ಣು ಮಾಡಿ ಬಂದವನೇ ಎಬೊ ಒರಳನ್ನು ಬೋರಲು ಹಾಕಿದ.

ಇದು ನಡೆದದ್ದು ಬಹಳ ಹಿಂದೆ, ಪಡುವಣ ಕಡಲಿನ ಆಚೆ, ತಾಳೆಮರಗಳ ಒಂದು ರಾಜ್ಯದಲ್ಲಿ. ಅಲ್ಲಿಯ ಜನ ಹೆಗ್ಗೆಣಸು ಬೇಯಿಸಿ, ಮರದ ಒರಳಲ್ಲಿ ಕುಟ್ಟಿ ಮುದ್ದೆ ಮಾಡುತ್ತಾರೆ. ಫುಫು ಅಂತಾರೆ ಅದಕ್ಕೆ. ನಮ್ಮ ರಾಗಿಮುದ್ದೆಯ ಹಾಗೇ, ಅಗಿಯೋ ಹಾಗಿಲ್ಲ, ನುಂಗಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒನಕೆ ಹಾಕಬೇಕು. ಒನಕೆ ಮೇಲೆ ಹೋದಾಗ ಇನ್ನೊಬ್ಬರು ಒರಳಿಗೆ ಕೈ ಹಾಕಿ ಮುದ್ದೆ ತಿರುವಬೇಕು. ಕೈ ಹಾಕಿದವರು 'ಹ್ಞೂ' ಅಂದ ಮೇಲೇ ಒನಕೆ ಇಳಿಯಬೇಕು. ಎಬೊ ಕುಟ್ಟುತ್ತಿದ್ದ, ಅರಾಬಾ ತಿರುವುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳ ಬೆರಳಿಗೆ ಒಂದು ಏಟೂ ಬಿದ್ದಿರಲಿಲ್ಲ.

ಅರಾಬಾ ಹೋದ ಮೇಲೆ ಆ ರಾಜ್ಯಕ್ಕೆ ಉರಿನುಂಗ ಅನ್ನೋ ಮಾಂತ್ರಿಕ ಬಂದ. ಮೈ ಮನುಷ್ಯನದು, ತಲೆ ಕತ್ತೆಕಿರುಬನದು. ಮನೆಮನೆಗೆ ಹೋಗಿ ಒಲೆಯ ಬೆಂಕಿ ನುಂಗಿದ. ಅರಮನೆಯದನ್ನೂ ನುಂಗಿದ. ರಾಜನೂ ಹಸಿ ಗೆಣಸು ಕಡಿದ. ಉಳಿದದ್ದು ಎಬೊನ ಒಲೆ ಒಂದೇ. ಅದು ಅರಾಬಾ ಮದುವೆಯಾಗಿ ಬಂದ ದಿನ ಹಚ್ಚಿದ ಬೆಂಕಿ. ಬೂದಿ ಮುಚ್ಚಿ ಮುಚ್ಚಿ ಕಾಪಾಡಿದ್ದಳು, ಒಮ್ಮೆಯೂ ಆರಿರಲಿಲ್ಲ.

ಉರಿನುಂಗ ಬಾಗಿಲಲ್ಲಿ ಬಂದು ನಿಂತ. ಊಟ ಮಾಡಿ ಹೋಗು, ಬೆಂಕಿ ಬಿಡು ಅಂದ ಎಬೊ. ಹೊಟ್ಟೆ ತುಂಬಿದರೆ ನುಂಗಿದ್ದೆಲ್ಲ ಕಕ್ಕುತ್ತೇನೆ, ಮೂರು ಊಟಕ್ಕೂ ತುಂಬದಿದ್ದರೆ ಇದೂ ನನ್ನದು ಅಂತ ಮಾಂತ್ರಿಕ ಮಾತು ಕೊಟ್ಟ.

ಮೊದಲ ದಿನ ಎಬೊ ಶೇಂಗಾ ಹುರಿದು ಅರೆದು ಹುಂಜದ ಸಾರು ಮಾಡಿದ. ಎಣ್ಣೆ ಮೇಲೆ ತೇಲುವ ತನಕ ಕುದಿಸಿದ. ಉರಿನುಂಗ ಗಡಿಗೆ ಎತ್ತಿ ಕುಡಿದ. ತುಂಬಲಿಲ್ಲ.

ಎರಡನೆಯ ದಿನ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಅರೆದು ಹುರಿದು, ಅದರಲ್ಲೇ ಅಕ್ಕಿ ಬೇಯಿಸಿದ. ಕೆಂಪನೆಯ ಅನ್ನ. ತಳ ಚೂರು ಸೀಯಬೇಕು, ರುಚಿ ಇರೋದೇ ಅಲ್ಲಿ. ಉರಿನುಂಗ ತಳ ಕೆರೆದು ತಿಂದ. ತುಂಬಲಿಲ್ಲ.

ಇನ್ನು ಫುಫು. ಎಬೊ ಪಕ್ಕದ ಮನೆಯ ಮುದುಕಿ ಎಕುವಾಳನ್ನು ಕೈ ಹಾಕೋಕೆ ಕರೆದ. ಅವಳು ಬೇಲಿ ದಾಟಲಿಲ್ಲ.

"ನನ್ನ ಬೆರಳು ಇನ್ನೂ ನೆಟ್ಟಗಿವೆ ಕಣಪ್ಪ," ಅಂದಳು. "ಒರಳು ಬೋರಲು ಹಾಕಿ ಕೂತೋನು ನೀನು. ಅತ್ತು ಅತ್ತು ಮಂಜಾದ ಕಣ್ಣಿಗೆ ಕೈ ಯಾವುದು, ಗೆಣಸು ಯಾವುದು?"

ಮೂರನೆಯ ದಿನ ಎಬೊ ಒರಳು ಎತ್ತಿ ನಿಲ್ಲಿಸಿದ. ಒಳಗೆ ಜೇಡ ಬಲೆ ಕಟ್ಟಿತ್ತು. ತೊಳೆದ. ಸಾರು ಕುದಿಯೋಕೆ ಇಟ್ಟು, ಬೆಂದ ಗೆಣಸು ಒರಳಿಗೆ ಹಾಕಿದ. ಉರಿನುಂಗನ ಕಡೆ ತಿರುಗಿದ.

"ಕೈ ಹಾಕು."

"ನಾನಾ? ನಾನು ತಿನ್ನೋನು."

"ಇದು ಇಬ್ಬರ ಅಡುಗೆ. ನೀನು ಕೈ ಹಾಕದಿದ್ದರೆ ಮೂರನೆಯ ಊಟ ಇಲ್ಲ. ಮಾತು ಮುರಿದೋನು ನೀನೇ ಆಗ್ತೀಯ."

ಮಾತು ಮುರಿದ ಮಾಂತ್ರಿಕನಲ್ಲಿ ಮಂತ್ರ ಉಳಿಯುವುದಿಲ್ಲ. ಉರಿನುಂಗ ಕೈ ಹಾಕಿದ.

ಎಬೊ ಒನಕೆ ಎತ್ತಿದ. ಬೇಲಿಯಾಚೆಯಿಂದ ಎಕುವಾ ಜಜ್ಜಿಬಿಡು ಅಂತ ಸನ್ನೆ ಮಾಡಿದಳು. ಎಬೊ ಜಜ್ಜಲಿಲ್ಲ, ಕಾದ. ಹ್ಞೂ ಅನ್ನದೆ ಒನಕೆ ಇಳಿಸೋದು ಅವನ ತೋಳಿಗೆ ಗೊತ್ತಿರಲಿಲ್ಲ.

"ಹ್ಞೂ," ಅಂದ ಉರಿನುಂಗ, ಸಣ್ಣ ದನಿಯಲ್ಲಿ.

ಒನಕೆ ಇಳಿಯಿತು. ಎದ್ದಿತು. ಕೈ ತಿರುವಿತು. ಮುದ್ದೆ ನುಣ್ಣಗಾಯಿತು. ಉರಿನುಂಗ ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದ. ಹುಟ್ಟಿದಾಗಿಂದ ಕಿತ್ತು ತಿಂದವನು ಅವನು. ತನ್ನ ಕೈಯಾರೆ ಮಾಡಿದ್ದು ಇದೇ ಮೊದಲು. ಒಂದೇ ತುತ್ತಿಗೆ ಹೊಟ್ಟೆ ತುಂಬಿತು.

ತೇಗಿದ. ಬೆಂಕಿಗಳೆಲ್ಲ ಹಕ್ಕಿಗಳ ಹಾಗೆ ಬಾಯಿಂದ ಹಾರಿ ತಮ್ಮ ತಮ್ಮ ಒಲೆ ಸೇರಿದವು. ಕೊನೆಯದು ಹೋದ ಮೇಲೆ ಅಲ್ಲಿ ನಿಂತದ್ದು ಬರೀ ಒಂದು ಕತ್ತೆಕಿರುಬ. ಬಾಲ ಮಡಚಿ ಕಾಡಿಗೆ ಹೋಯಿತು. ಆ ಸಂಜೆ ಊರೂರಲ್ಲಿ ಹೊಗೆ ಎದ್ದಿತು. ರಾಜನಿಂದ ಹಿಡಿದು ಎಲ್ಲರೂ ಬಿಸಿ ಉಂಡರು, ಮುಂದೆಯೂ ಉಂಡು ಸುಖವಾಗಿದ್ದರು.

ಮಾರನೆಯ ಬೆಳಿಗ್ಗೆ ಎಬೊ ಗೆಣಸು ಸುಲಿದ. ಬೆಂದ ಮೇಲೆ ನೋಡಿದರೆ ಇಬ್ಬರಿಗೆ ಆಗುವಷ್ಟಿತ್ತು. ಬೇಲಿ ಹತ್ತಿರ ಹೋಗಿ ಎಕುವಾಳನ್ನು ಕರೆದ. ಅವಳು ಬಂದು, ಬಳೆ ಹಿಂದಕ್ಕೆ ಸರಿಸಿ, ಒರಳಿಗೆ ಕೈ ಹಾಕಿದಳು.

ಎಬೊ ಒನಕೆ ಎತ್ತಿ ಕಾದ.