ಒಣಕೋಣೆಯ ಹೊರಚಿಲಕ

ಬಣ್ಣದ ಕಾರ್ಖಾನೆಯ ಒಣಕೋಣೆಯಲ್ಲಿ ಹೆಣ ಸಿಕ್ಕಿದ ಸುದ್ದಿ ಬಂದಾಗ ಸೂಜಿಯಕ್ಕ ಒಂದು ಅಂಗಿಯ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ಉಡುಪಿನ ಕಂಪನಿಯಲ್ಲಿ ಇಪ್ಪತ್ತು ವರ್ಷ ಕತ್ತರಿ ಹಿಡಿದು, ಆಮೇಲೆ ಅಲ್ಲಿನ ದೂರು ಕೋಣೆಗೆ ಬಂದವಳು. ಒಂದೆಳೆಯೂ ಅವಳ ಕಣ್ಣು ತಪ್ಪಿಸದು ಎಂದು ಆ ಹೆಸರು. ಅವಳ ಬೆನ್ನಿಗೇ ಅಂಟಿಕೊಂಡಿದ್ದ ಗುಮಾಸ್ತ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಆ ಕಾರ್ಖಾನೆ ಬಣ್ಣ ಹಾಕುತ್ತಿದ್ದುದು ಅವರ ಕಂಪನಿಯ ಬಟ್ಟೆಗೇ.

ಸತ್ತವಳು ಕಡಲಾಚೆಯಿಂದ ದುಡಿಯಲು ಬಂದಿದ್ದ ಮೂವತ್ತೊಂದು ಹೆಂಗಸರಲ್ಲಿ ಒಬ್ಬಳು. ಎಲ್ಲರೂ ಅವಳನ್ನು ಉದ್ದಜಡೆ ಎನ್ನುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕಾಣೆಯಾದವಳು ಮಧ್ಯಾಹ್ನ ಬಟ್ಟೆ ಒಣಗಿಸುವ ಆ ಬಿಸಿಗಾಳಿಯ ಕೋಣೆಯಲ್ಲಿ ಸಿಕ್ಕಿದ್ದಳು. ಬಾಗಿಲು ತಾನೇ ಮುಚ್ಚಿಕೊಂಡು ಚಿಲಕ ಬಿದ್ದಿದೆ, ಆಕಸ್ಮಿಕ ಎಂದ ಕಾರ್ಖಾನೆಯ ಮಾಲೀಕ. ಪೊಲೀಸರೂ ಹಾಗೇ ಬರೆದುಕೊಂಡಿದ್ದರು.

ಸೂಜಿಯಕ್ಕ ಬಾಗಿಲನ್ನು ಹತ್ತು ಸಲ ಬಡಿದು ಮುಚ್ಚಿ ನೋಡಿದಳು. ಹೊರಗಿನ ಚಿಲಕ ಅಲ್ಲಾಡಲಿಲ್ಲ. ಅದನ್ನು ಮೇಲೆತ್ತಿ ಪಕ್ಕಕ್ಕೆ ತಳ್ಳಿದರೆ ಮಾತ್ರ ಬೀಳುತ್ತಿತ್ತು. ಬಾಗಿಲಿನ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು. ಅವು ಎದೆಮಟ್ಟದಲ್ಲಿ ಶುರುವಾಗಿ ಹೊಸ್ತಿಲವರೆಗೂ ಇಳಿದಿದ್ದವು. ಗುಮಾಸ್ತ ಮುಖ ತಿರುಗಿಸಿದ.

ವಾರದ ಹಿಂದೆ ಈ ಕಾರ್ಖಾನೆಯಿಂದ ಬಂದ ಬಟ್ಟೆಯ ಮೂಟೆಯಲ್ಲಿ ಒಂದು ಚೀಟಿ ಸಿಕ್ಕಿತ್ತು. ಹೆಸರಿಲ್ಲ, ಲಿಪಿ ಆ ಹೆಂಗಸರ ದೇಶದ್ದು. ಕಂಪನಿಯ ದುಭಾಷಿ, ಮೆದುಮಾತಿನ ಮನುಷ್ಯ, ಅದನ್ನೋದಿ ಸೆಕೆ ಹೆಚ್ಚು, ಫ್ಯಾನು ಬೇಕೆಂದು ಬರೆದಿದ್ದಾರೆ ಎಂದಿದ್ದ. ಕಂಪನಿ ಆರು ಫ್ಯಾನು ಕಳಿಸಿ ಕೈತೊಳೆದುಕೊಂಡಿತ್ತು. ಈಗ ಚೀಟಿಯ ಮಾತೆತ್ತಿದಾಗ ಮಾಲೀಕ ನಕ್ಕ. "ಅವರಲ್ಲಿ ಒಬ್ಬಳಿಗೂ ಅಕ್ಷರ ಬರಲ್ಲಮ್ಮ. ಎಲ್ಲಾ ಹೆಬ್ಬೆಟ್ಟೇ. ಯಾರೋ ತಮಾಷೆ ಮಾಡಿರ್ಬೇಕು."

ಗುಮಾಸ್ತನ ಅನುಮಾನವೆಲ್ಲ ವಾರ್ಡನ್ ಹೆಂಗಸಿನ ಮೇಲೆ. ಹೆಂಗಸರ ಮಲಗುವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವಳು ಅವಳೇ. ಆದರೆ ಹತ್ತು ಗಂಟೆಗೆ ಅವಳೂ ಮಾಲೀಕನೂ ಗೇಟಿನ ಬಳಿ ಮೂಟೆ ಹೇರಿಸುತ್ತಿದ್ದರೆಂದು ಕಂಪನಿಯ ಲಾರಿ ಡ್ರೈವರನೇ ಹೇಳಿದ. ದುಭಾಷಿ, ಸುದ್ದಿ ತಿಳಿದ ಮೇಲೆ ಓಡಿ ಬಂದೆ ಎಂದ.

ಉದ್ದಜಡೆಯ ಪಕ್ಕದಲ್ಲಿ ಮಲಗುತ್ತಿದ್ದ ಗೆಳತಿಯನ್ನು ಕರೆಸಿದರು. ಅವಳು ನೆಲ ನೋಡುತ್ತ, ಒಂದೇ ದನಿಯಲ್ಲಿ, ನಿಲ್ಲಿಸದೆ ಮಾತಾಡಿದಳು. ಕೊನೆಗೆ ದುಭಾಷಿ ನಿಟ್ಟುಸಿರಿಟ್ಟ. "ಏನೂ ನೋಡಿಲ್ವಂತೆ. ದುಃಖ ಆಗಿದೆ ಅಂತಾಳೆ."

ಇನ್ನೊಮ್ಮೆ ಹೇಳಲು ಅವಳಿಗೆ ಸನ್ನೆ ಮಾಡಿ ಸೂಜಿಯಕ್ಕ ಗುಮಾಸ್ತನ ಕಿವಿಯಲ್ಲಿ ಅಂದಳು: "ಅರ್ಥದ ಗೊಡವೆ ಬೇಡ. ಕೇಳಿದ ಸದ್ದನ್ನ ನಮ್ಮ ಅಕ್ಷರದಲ್ಲಿ ಇಳಿಸ್ಕೋ." ಅವನು ತಲೆಬುಡ ತಿಳಿಯದೆ ಎರಡು ಪುಟ ಗೀಚಿದ.

ಊರಿನ ಇನ್ನೊಂದು ತುದಿಯಲ್ಲಿ ಅದೇ ದೇಶದಿಂದ ಬಂದು ನೆಲೆನಿಂತ ಮುದಿ ನರ್ಸೊಬ್ಬಳಿದ್ದಳು. ಗುಮಾಸ್ತ ಅವಳ ಮುಂದೆ ಆ ಪುಟಗಳನ್ನು ಗಟ್ಟಿಯಾಗಿ ಓದಿದ. ಆಕೆ ಮತ್ತೆ ಓದಿಸಿದಳು, ಚೀಟಿಯನ್ನೂ ನೋಡಿದಳು, ಕನ್ನಡಕ ತೆಗೆದಿಟ್ಟು ಹೇಳತೊಡಗಿದಳು.

ಮರುದಿನ ಕಂಪನಿಯ ಸಭಾಕೋಣೆಯಲ್ಲಿ ನಿರ್ದೇಶಕ, ಮಾಲೀಕ, ವಾರ್ಡನ್, ದುಭಾಷಿ, ಗೆಳತಿ, ನರ್ಸು ಎಲ್ಲರೂ ಸೇರಿದರು. ಬಾಗಿಲಲ್ಲಿ ಇಬ್ಬರು ಪೊಲೀಸರು ನಿಂತಿದ್ದರು.

ಸೂಜಿಯಕ್ಕ ಎಳೆಎಳೆಯಾಗಿ ಬಿಚ್ಚಿದಳು. ಚಿಲಕ ಬಿದ್ದದ್ದು ಮನುಷ್ಯರ ಕೈಯಿಂದ. ಕೊಂದದ್ದು ಚೀಟಿ ಬರೆದವಳನ್ನೇ. ಅವಳಿಗೆ ಅಕ್ಷರ ಬರುತ್ತದೆಂಬುದೇ ಮಾಲೀಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು, ಊರೂರು ಅಲೆದು ಅವರನ್ನು ಒಬ್ಬೊಬ್ಬರಾಗಿ ಆರಿಸಿ ತಂದ ದಲ್ಲಾಳಿಗೆ. ಅವನ್ಯಾರೆಂದು ಚೀಟಿಯೇ ಹೇಳುತ್ತಿತ್ತು. ನರ್ಸು ಅದನ್ನು ಓದಿದಳು: ನಮ್ಮ ಗುರುತಿನ ಕಾಗದಗಳು ನಮ್ಮನ್ನು ಇಲ್ಲಿಗೆ ಕರೆತಂದ ದುಭಾಷಿಯ ಹತ್ತಿರ ಇವೆ, ನಮ್ಮನ್ನು ಹೊರಗೆ ಬಿಡುವುದಿಲ್ಲ, ಅವನಿಲ್ಲದಾಗ ಬನ್ನಿ.

ಆಮೇಲೆ ಗೆಳತಿಯ ಮಾತು. ಅವತ್ತು ಬೆಳಿಗ್ಗೆ ದುಭಾಷಿ ಹಿಂಬಾಗಿಲಿನಿಂದ ಬಂದು, ನಿನ್ನ ಚೀಟಿಗೆ ಉತ್ತರ ಬಂದಿದೆ ಎಂದು ಉದ್ದಜಡೆಯನ್ನು ಒಣಕೋಣೆಯ ಕಡೆ ಕರೆದೊಯ್ದ. ಹಿಂದಿರುಗಿದವನು ಒಬ್ಬನೇ.

"ಅವನ ಎದುರಿಗೇ ಇವಳು ಅವನ ಮೇಲೇ ದೂರು ಹೇಳಿದ್ಲು, ಎರಡು ಸಲ," ಎಂದಳು ಸೂಜಿಯಕ್ಕ. "ಆ ಮಾತನ್ನ ನಮ್ಮ ಭಾಷೆಗೆ ತಿರುಗಿಸಿ ಹೇಳಿದವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ತು."

ಪೊಲೀಸರು ದುಭಾಷಿಯ ಮನೆಯಲ್ಲಿ ಸಿಕ್ಕ ಮೂವತ್ತೊಂದು ಗುರುತಿನ ಕಾಗದಗಳನ್ನು ಮೇಜಿನ ಮೇಲಿಟ್ಟರು. ಅವನು ಮೆಲ್ಲಗೇ ಕೇಳಿದ: "ನಾನಿಲ್ದಿದ್ರೆ ಇವರಿಗೆ ಕೆಲಸ ಯಾರು ಕೊಡ್ತಿದ್ರು?" ಅವನನ್ನು ಕರೆದೊಯ್ದರು. ಹೆಂಗಸರನ್ನು ಬೀಗ ಹಾಕಿ ಕೂಡಿಟ್ಟ ತಪ್ಪಿಗೆ ಮಾಲೀಕನೂ ವಾರ್ಡನ್ನೂ ಹಿಂದೆಯೇ ನಡೆದರು.

ನಿರ್ದೇಶಕ ಇವತ್ತೇ ಆ ಕಾರ್ಖಾನೆಯ ಆರ್ಡರು ನಿಲ್ಲಿಸುತ್ತೇನೆಂದ. ಸೂಜಿಯಕ್ಕ ಬೇಡವೆಂದಳು. ನಿಲ್ಲಿಸಿದರೆ ಇವರನ್ನು ಇನ್ನೊಂದು ಬೀಗದೊಳಗೆ ಸಾಗಿಸುತ್ತಾರೆ. ಬಾಗಿಲು ತೆರೆಸಿ, ಕಾಗದ ಅವರವರ ಕೈಗೆ ಕೊಡಿ, ಊರಿಗೆ ಹೋಗುವವರನ್ನು ಕಳಿಸಿ, ಇರುವವರಿಗೆ ಕೆಲಸ ಕೊಡಿ ಎಂದಳು. "ಅವನನ್ನ ನೇಮಿಸಿದ್ದು ನಾವೇ ಸಾರ್. ಅವನ ಎರಡೇ ಮಾತು ಕೇಳಿ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದ್ದೂ ನಾವೇ. ನಾನೂ ಸೇರಿ." ನಿರ್ದೇಶಕ ಮೇಜಿನ ಮೇಲಿನ ಕಾಗದಗಳನ್ನು ಗೆಳತಿಯ ಕಡೆ ಸರಿಸಿದ.

ಗೆಳತಿ ಕಾಗದಗಳಲ್ಲಿ ತನ್ನದನ್ನು ಹುಡುಕಿ ತೆಗೆದುಕೊಂಡಳು. ಹೊರಟವಳು ನಿಂತು, ನರ್ಸಿನ ಬಳಿ ಏನೋ ಕೇಳಿದಳು.

"ಉದ್ದಜಡೆಯದನ್ನೂ ಕೊಡಬಹುದಾ ಅಂತಾಳೆ," ಎಂದಳು ನರ್ಸು. "ಅವಳಮ್ಮನ ಹತ್ರ ಮಗಳ ಫೋಟೋ ಒಂದೂ ಇಲ್ವಂತೆ."

ಹಿಂದುಳಿದಿದ್ದ ಪೊಲೀಸಿನವನು, ಸತ್ತವಳದು ಕೊಲೆ ಕೇಸಿನ ಸಾಕ್ಷ್ಯ, ಈಗ ಕೊಡುವಂತಿಲ್ಲ ಎಂದ. ನರ್ಸು ಅದನ್ನು ಒಂದು ಪದವೂ ಬಿಡದೆ ಅವಳಿಗೆ ಹೇಳಿದಳು.