ಹೆಬ್ಬೆರಳಿನಿಂದ ಹುಬ್ಬಿನವರೆಗೆ

“ಮಕಾಡೆ ಮಲ್ಗಿರೋದನ್ನ ನಿಲ್ಸಬ್ಯಾಡಿ, ಮಾಪ್ಳೆ,” ಎಂದಳು ಕನ್ನಿಯಮ್ಮಾಳ್.

ಮಗ್ಗದ ಗುಂಡಿಯೊಳಗೆ ಇಳಿದು ನಿಂತಿದ್ದ ತಿಪ್ಪೇಶನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿಯ ಅಜ್ಜಿ ಅಳಿಯ ಎನ್ನದೆ ಮಾಪ್ಳೆ ಎನ್ನುವ ಆ ತಮಿಳು ಬೆರೆತ ಕನ್ನಡವೇ ಅವನಿಗೊಂದು ತಮಾಷೆ. ಅದಕ್ಕೆ ಹೆದರಿಕೆಯೂ ಸೇರಿಕೊಂಡರೆ ಕೇಳಬೇಕೆ? ಅವನು ಚಿತ್ರದುರ್ಗದ ಕಡೆಯವನು, ಕೊಯಮತ್ತೂರು ಬಳಿಯ ಶರವಣಂಪಟ್ಟಿಯ ಕಾಲೇಜೊಂದರಲ್ಲಿ ಭೂವಿಜ್ಞಾನದ ಮೇಷ್ಟ್ರು. ಸೋಮನೂರಿನ ನೇಕಾರರ ಬೀದಿಯ ಧರಣಿಯನ್ನು ಮದುವೆಯಾಗಿ ಈ ಮನೆಗೆ ಬಂದು ಸೇರಿದ್ದ. ಬೀದಿಯ ತುಂಬ ಪವರ್‌ಲೂಮುಗಳ ಟಕಟಕ. ಈ ಮನೆಯ ಹಿಂದಿನ ಕೋಣೆಯಲ್ಲಿ ಮಾತ್ರ ಯಾರೂ ನೇಯದ ಹಳೆಯ ಕೈಮಗ್ಗವೊಂದು ಉಳಿದಿತ್ತು. ಅದರ ಕೆಳಗೆ ನೇಯುವವರು ಕಾಲು ಇಳಿಬಿಡುವ ಗುಂಡಿ. ಗುಂಡಿಯ ತಳದಲ್ಲಿ, ಮುಖವನ್ನು ಮಣ್ಣಿಗೆ ಒತ್ತಿಕೊಂಡು, ಒಂದು ಕಲ್ಲಿನ ತಲೆ ಬಿದ್ದಿತ್ತು.

ಅದು ಬರೀ ಕಲ್ಲಲ್ಲ, ಕಲ್ಲಾಗಿಹೋದ ಮೂಳೆ ಎಂದು ತಿಪ್ಪೇಶ ಕಂಡೊಡನೆ ಗುರುತಿಸಿದ. ಯಾವುದೋ ಕಾಲದ ಕತ್ತೆಕಿರುಬದ್ದಿರಬೇಕು. ಉದ್ದ ಮೂತಿ, ಅಗಲ ದವಡೆ, ಉದುರದ ಹಲ್ಲು. ಎತ್ತಿಕೊಂಡಾಗ ನೂಲಿಗೆ ಹಾಕುತ್ತಿದ್ದ ಹಳೆಯ ಗಂಜಿಯ ಹುಳಿ ನಾತದ ಜೊತೆಗೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಕಟುಕರ ಅಂಗಡಿಯ ಮುಂದೆ ಹಾಯುವಾಗ ಬರುವಂಥದು. ಕಲ್ಲಿಗೆಲ್ಲಿಯ ಹಸಿ ವಾಸನೆ ಎಂದು ಅವನು ತಲೆ ಕೊಡವಿಕೊಂಡ.

ಮುದುಕಿ ಗುಂಡಿಯ ಅಂಚಿಗೆ ಕೂತು ಕತೆ ಹೇಳಿದಳು. ಅವಳ ಮಾವ ಅಂಗಪ್ಪನ್ ಬಾವಿ ತೋಡಿಸುವಾಗ ಸಿಕ್ಕಿದ ತಲೆಯಂತೆ ಅದು. ಆಗ ಅವನಿಗೂ ಎದುರುಮನೆಯ ನೇಕಾರನಿಗೂ ಹಗೆ. ಮಾಂತ್ರಿಕನೊಬ್ಬನನ್ನು ಕರೆಸಿ, ಆ ತಲೆಗೆ ಮಾಟ ತುಂಬಿಸಿ, ವೈರಿಯ ಮೈಯಳತೆಯ ದಾರವನ್ನು ಕದ್ದು ತರಿಸಿ, ಅದೇ ಉದ್ದದ ಕೋಲಿನ ಮೇಲೆ ತಲೆಯನ್ನು ನಿಲ್ಲಿಸಿದ. ವೈರಿ ಕೂತಲ್ಲೇ ಮರಗಟ್ಟಿಹೋದ. ಕೆಲಸ ಮುಗಿದ ಮೇಲೆ ಮಾಂತ್ರಿಕ ಅದನ್ನು ಮಕಾಡೆ ಮಲಗಿಸಿ ಹೋದ. ಮೈಯಿಲ್ಲದ ತಲೆ ಅದು, ಯಾರು ನಿಲ್ಲಿಸಿದರೂ ಮೈ ಕೇಳುತ್ತದೆ ಎಂದಿದ್ದನಂತೆ.

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ತಿಪ್ಪೇಶನಿಗೆ ಆ ತಲೆ ಆಗಲೇ ನಡುಮನೆಯಲ್ಲಿ ನಿಂತಂತೆ ಕಾಣುತ್ತಿತ್ತು. ಪೇಟೆಯ ಸ್ಟ್ಯಾಂಡು ಬೇಡ, ತನ್ನ ಕೈಯಾರೆ ಮಾಡುತ್ತೇನೆ ಎಂದು ಹಟ ಹಿಡಿದ. ಮಗ್ಗದ್ದೇ ಒಂದು ಕಂಬ ಕಿತ್ತ. ಅಗಲದ ಹಲಗೆಯನ್ನು ಅಡಿಗೆ ಜೋಡಿಸಿದ. ನೋಡುವವರ ಕಣ್ಣಿಗೆ ನೇರವಾಗಿ ಅದರ ಕಣ್ಣು ಬರಬೇಕು, ಅಷ್ಟು ಎತ್ತರ ಬೇಕು. ಹುಡುಕಿದರೆ ಟೇಪು ಸಿಗಲಿಲ್ಲ. ಮಗ್ಗದಿಂದ ಒಂದು ಎಳೆ ನೂಲು ಎಳೆದುಕೊಂಡ. ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಡಿ ಒತ್ತಿ ಹಿಡಿದು, ಇನ್ನೊಂದನ್ನು ಹುಬ್ಬಿನವರೆಗೆ ಎಳೆದು, ಹಲ್ಲಿನಿಂದ ಕಚ್ಚಿ ತುಂಡು ಮಾಡಿದ. ಆ ಉದ್ದಕ್ಕೆ ಕಂಬ ಕೊಯ್ದ. ಸಡಿಲವಾಗಿದ್ದ ಕೆಳದವಡೆ ಜೋತು ಬೀಳದಿರಲೆಂದು ಅದೇ ನೂಲನ್ನು ಮೂತಿಗೆ ಬಿಗಿದು ಗಂಟು ಹಾಕಿದ. ತಲೆಯನ್ನು ಅಂಟು ಮೆತ್ತಿ ಕೂರಿಸಿ, ಒಣಗಲೆಂದು ಹಿಂದಿನ ಕೋಣೆಯಲ್ಲೇ ನಿಲ್ಲಿಸಿದ. ಅಚ್ಚುಕಟ್ಟಾಗಿತ್ತು. ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಕನ್ನಿಯಮ್ಮಾಳ್ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

“ಅಳತೆ ಯಾವ್ದರಲ್ಲಿ ತಗೊಂಡ್ರಿ?”

ನಿಜ ಹೇಳಿದರೆ ಮತ್ತೆ ಪುರಾಣ ಬಿಚ್ಚುತ್ತಾಳೆ ಎಂದು ಅವನಿಗೆ ಬೇಸರ. ಟೇಪಿನಲ್ಲಿ ಅಂದುಬಿಟ್ಟ. ಮುದುಕಿಯ ಎದೆಯಿಂದ ಉಸಿರು ಇಳಿಯಿತು. ಟೇಪಿನ ಅಳತೆಯಾದರೆ ಬಚಾವು, ಏನಾದರೂ ಕೆಟ್ಟರೆ ಹಾಗೆಯೇ ಮಕಾಡೆ ಮಲಗಿಸಿ ಮಣ್ಣು ಮುಚ್ಚಿದರಾಯಿತು ಎಂದಳು. ಮೈಯಳತೆ ಆಗಿದ್ದರೆ ಮಾತ್ರ ಮುಚ್ಚಬಾರದು. ಆಗ ಮೈ ಅದರದು. ಅದಕ್ಕೆ ಆದದ್ದೆಲ್ಲ ಮೈಯವನಿಗೂ ಆಗುತ್ತದೆ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅವನ ಪಾಡು ಹಾಗೇ ಆಯಿತು. ಮೊದಲು ಪಾದ ಜೋಮು ಹಿಡಿಯಿತು. ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಕಾಲೇಜಿನ ಮೆಟ್ಟಿಲು ಹತ್ತಿದ. ಆಮೇಲೆ ಮೊಣಕಾಲು ಮಡಚಲಿಲ್ಲ. ಬೆನ್ನು ಬಾಗಲಿಲ್ಲ. ಕೊಯಮತ್ತೂರಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಏನೂ ಕಾಣುತ್ತಿಲ್ಲ ಎಂದು ಕಳಿಸಿದರು. ಕೊನೆಗೆ ಒಂದು ಬೆಳಿಗ್ಗೆ ಧರಣಿ ಕಾಫಿ ತಂದಾಗ ಬಾಯಿ ತೆರೆಯಲಾಗಲಿಲ್ಲ. ಮೂತಿಯ ಸುತ್ತ ಎಳೆಯೊಂದು ಬಿಗಿದ ಹಾಗೆ. ಅವಳು ಮುಟ್ಟಿ ನೋಡಿದಳು. ಏನೂ ಇರಲಿಲ್ಲ.

ಆಗ ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಿ ಏನು ಬಂತು, ಹೇಳಲು ಬಾಯಿಲ್ಲ, ಬರೆಯಲು ಬೆರಳಿಲ್ಲ. ಉಳಿದದ್ದು ರೆಪ್ಪೆ ಮಾತ್ರ. ಒಮ್ಮೆ ಮಿಟುಕಿಸಿದರೆ ಹೌದು ಎಂದು ಧರಣಿ ಗುರುತು ಮಾಡಿಕೊಂಡಳು. ನೀರು ಬೇಕಾ? ಹೌದು. ನೋವಾ? ಹೌದು. ಬೇಡ ಅನ್ನಲು ಅವನು ಕಣ್ಣು ತೆರೆದೇ ಇರುತ್ತಿದ್ದ. ಅಳುತ್ತ ಅವಳು ಕೇಳುವ ಪ್ರಶ್ನೆಗಳಲ್ಲಿ ಅವನಿಗೆ ಬೇಕಾದ ಪ್ರಶ್ನೆ ಒಂದೂ ಇರಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಲೂಮುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಆ ಮೌನದಲ್ಲಿ ಅವನಿಗೆ ಕೇಳಿಸಿತು. ಹಿಂದಿನ ಕೋಣೆಯಲ್ಲಿ ಯಾರೋ ಮಗ್ಗ ತುಳಿಯುತ್ತಿದ್ದರು. ಡಬ್. ಡಬ್. ಹೊಸದಾಗಿ ಕಾಲು ಬಂದವರು ಕಲಿಯುವ ಹಾಗೆ, ತಡವರಿಸಿ. ಪ್ರತಿ ತುಳಿತಕ್ಕೂ ಅವನ ಹಿಮ್ಮಡಿ ಜುಮ್ಮೆನ್ನುತ್ತಿತ್ತು.

ಧರಣಿಯ ಮುಖ ಬಿಳಿಚಿತು. ಅವಳಿಗೂ ಕೇಳಿಸಿತ್ತು. ಓಡಿಹೋಗಿ ಅಜ್ಜಿಯನ್ನು ಕರೆತಂದಳು, ಪಕ್ಕದ ಮನೆಯ ದಂಡಪಾಣಿಯನ್ನು ಗುದ್ದಲಿ ಸಮೇತ ಕರೆದಳು. ತಲೆಯನ್ನು ಕಂಬದ ಸಮೇತ ಮಕಾಡೆ ಮಲಗಿಸಲು ಗುಂಡಿಯನ್ನು ಉದ್ದ ಮಾಡುವ ಸದ್ದು ಶುರುವಾಯಿತು. ಗುದ್ದಲಿ ಬಿದ್ದಾಗಲೆಲ್ಲ ತಿಪ್ಪೇಶನ ಎದೆ ಹಾರುತ್ತಿತ್ತು.

ಮುದುಕಿ ಬಾಗಿಲಲ್ಲಿ ನಿಂತು, ಇನ್ನೊಂದು ಸಲ ಕೇಳಿಬಿಡು ಎಂದಳು. ಅವಳಿಗೂ ಅನುಮಾನವಿತ್ತು, ಪಾಪ. ಧರಣಿ ಹಾಸಿಗೆಯ ಮೇಲೆ ಬಗ್ಗಿದಳು. ಅವಳ ಬೆವರಿನಲ್ಲಿ ಹತ್ತಿಯ ದೂಳು ಅಂಟಿತ್ತು.

“ಏನುಂಗ, ಅಳತೆ ಟೇಪಲ್ಲೇ ತಗೊಂಡ್ರಿ ತಾನೆ?”

ಕೊನೆಗೂ ಆ ಪ್ರಶ್ನೆ ಬಂತು. ಅವನು ಕಣ್ಣು ತೆರೆದ. ಎಷ್ಟು ಅಗಲ ಸಾಧ್ಯವೋ ಅಷ್ಟು. ಇಲ್ಲ. ಇಲ್ಲ ಧರಣಿ. ಅವಳು ಕಾದಳು. ಕಣ್ಣು ಉರಿಯಿತು. ನೀರು ತುಂಬಿತು. ರೆಪ್ಪೆ ನಡುಗಿತು. ತಡೆದ. ಇನ್ನೂ ತಡೆದ. ಅವಳ ಮುಖದಲ್ಲಿ ಏನೋ ಬದಲಾಯಿತು. ಹುಬ್ಬು ಗಂಟಿಕ್ಕಿತು. ಅವಳಿಗೆ ತಿಳಿಯುತ್ತಿದೆ. ಇನ್ನೊಂದು ಗಳಿಗೆ. ಅಷ್ಟೇ ಸಾಕು.

ಅವಳ ಕೂದಲಿಂದ ಹತ್ತಿಯ ಎಳೆಯೊಂದು ಜಾರಿತು. ಗಾಳಿಯಲ್ಲಿ ತೇಲಿತು. ನಿಧಾನವಾಗಿ ಇಳಿದು ಅವನ ಕಣ್ಣಗುಡ್ಡೆಯ ಮೇಲೆ ಕೂತಿತು.

ರೆಪ್ಪೆ ಮುಚ್ಚಿತು.

“ಹೌದು ಅಂದ್ರು ಅಜ್ಜಿ,” ಎಂದಳು ಧರಣಿ. ಅವಳ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಇತ್ತು. ಅವನ ಹಣೆ ಸವರಿ, ಇನ್ನು ಸ್ವಲ್ಪ ಹೊತ್ತು, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಎದ್ದಳು. ಅವನು ಮತ್ತೆ ಮತ್ತೆ ಮಿಟುಕಿಸಿದ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು.

ಹಿಂದಿನ ಕೋಣೆಯಲ್ಲಿ ಮೂವರು ಏನನ್ನೋ ಎತ್ತಿದರು. ಹಾಸಿಗೆಯ ಮೇಲೆ ಅಂಗಾತ ಮಲಗಿದ್ದವನಿಗೆ ಮನೆ ತಲೆಕೆಳಗಾಯಿತು. ಮೂಗು ತಣ್ಣನೆಯ ನೆಲಕ್ಕೆ ತಾಗಿತು. ಗಂಜಿಯ ಹುಳಿ. ಹಸಿ ಮೂಳೆಯ ನಾತ. ಬೆನ್ನ ಮೇಲೆ ಮೊದಲ ಬುಟ್ಟಿ ಬಿತ್ತು. ಇನ್ನೊಂದು. ಕಿವಿಗೆ ಮಣ್ಣು. ಹಲ್ಲಿನ ಸಂದಿಗೆ ಮಣ್ಣು. ಫ್ಯಾನು ನಿಂತ ಕೋಣೆಯ ಗಾಳಿ ಅವನ ಮುಖದ ಮೇಲೆಯೇ ಇತ್ತು, ಮೂಗಿನೊಳಕ್ಕೆ ಮಾತ್ರ ಬರಲಿಲ್ಲ.

ಕರೆಂಟು ಬಂತು. ಬೀದಿಯ ಲೂಮುಗಳು ಮತ್ತೆ ಹೊಡೆದುಕೊಳ್ಳತೊಡಗಿದವು. ಹಿತ್ತಲಲ್ಲಿ ಧರಣಿ ಕೈಯ ಮಣ್ಣು ತೊಳೆದುಕೊಳ್ಳುತ್ತ, ಅವರಿಗೆ ಕುಡಿಯಲು ಗಂಜಿ ಮಾಡುತ್ತೇನೆ ಎಂದು ಅಜ್ಜಿಗೆ ಹೇಳುತ್ತಿದ್ದಳು. ಅಷ್ಟು ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ.